ಭಾನುವಾರ ಸಂಜೆಯ ತಲೆನೋವು

ರಾಜರಾಜೇಶ್ವರಿನಗರದ ಆರ್ಚ್ ಬಳಿ ಕಂಪನಿ ಕ್ಯಾಬ್‌ಗೆ ಕಾಯುವ ಮಕ್ಕಳಿಗೆ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ, ಹಿರಿಯನಾಗಿ ಒಂದಿಷ್ಟು ಕಿವಿಮಾತು.

• ಭಾನುವಾರ ಸಂಜೆಯಾದರೆ ತಲೆನೋವು, ಸೋಮವಾರ ಬೆಳಿಗ್ಗೆ ಹೊಟ್ಟೆ ತೊಳಸು, ಹಬ್ಬಕ್ಕೆ ಊರಿಗೆ ಹೋದರೆ ಎಲ್ಲ ಮಾಯ. ಹೀಗಾಗುತ್ತಿದ್ದರೆ ಮಾತ್ರೆ ನುಂಗಿ ಸುಮ್ಮನಾಗಬೇಡಿ. ಗೋಡೆಯ ಕ್ಯಾಲೆಂಡರ್ ಮೇಲೆ ಒಂದು ತಿಂಗಳು ಗುರುತು ಹಾಕಿ, ಡಾಕ್ಟರಿಗೆ ತೋರಿಸಿ. ಬಿ.ಪಿ., ಶುಗರ್ ಜೊತೆ ಕೆಲಸದ ವಿಷಯವನ್ನೂ ಹೇಳಿ.

• ದೊಡ್ಡ ಹುದ್ದೆಯವರಿಗೇ ಟೆನ್ಷನ್, ಅವರಿಗೇ ಹಾರ್ಟ್ ಅಟ್ಯಾಕ್ ಎಂದು ಬಹಳ ಜನ ನಂಬಿದ್ದಾರೆ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ವರ್ಷಗಟ್ಟಲೆ ಗಮನಿಸಿದ ವೈಟ್‌ಹಾಲ್ ಅಧ್ಯಯನ ಬೇರೆಯೇ ಹೇಳಿತು. ತಮ್ಮ ಕೆಲಸದಲ್ಲಿ ತಮ್ಮ ಮಾತು ನಡೆಯದ ಕೆಳಹಂತದವರಿಗೇ ಹೃದಯದ ಕಾಯಿಲೆ ಹೆಚ್ಚು. ಹೊಸ ಕೆಲಸ ಹುಡುಕುವಾಗ ಸಂಬಳದ ಜೊತೆ ಇದನ್ನೂ ವಿಚಾರಿಸಿ: ಶಿಫ್ಟ್ ಬದಲಿಸಿಕೊಳ್ಳಬಹುದೇ? ಮಗುವಿಗೆ ಜ್ವರ ಬಂದರೆ ರಜೆ ಕೇಳಲು ಹೆದರಬೇಕೇ?

• ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ 2021ರಲ್ಲಿ ಹೇಳಿವೆ. 2024ರಲ್ಲಿ ನಮ್ಮಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂದಾಗ ನೌಕರರ ಸಂಘ ವಿರೋಧಿಸಿತು. ಸರಿಯಾಗಿಯೇ ಮಾಡಿತು.

• ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ, ಬೆಳಿಗ್ಗೆ ತುಂಬಿಸಿಕೊಂಡ ನೀರಿನ ಬಾಟಲಿ ಸಂಜೆ ಹಾಗೇ ವಾಪಸ್ ಬರಬಾರದು. ಬಾತ್‌ರೂಮಿಗೆ ಎದ್ದರೆ ಸೂಪರ್‌ವೈಸರ್ ಬೈತಾರೆ, ಪೀಸ್ ಕಮ್ಮಿಯಾಗುತ್ತೆ ಎಂದು ನೀರು ಬಿಟ್ಟರೆ ಉರಿಮೂತ್ರ ತಪ್ಪಿದ್ದಲ್ಲ. ಕುಡಿಯುವ ನೀರು, ಶೌಚಾಲಯ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದ ಹಕ್ಕು. ಒಬ್ಬೊಬ್ಬರೇ ಕೇಳಬೇಡಿ, ಲೈನಿನವರೆಲ್ಲ ಸೇರಿ ಕೇಳಿ.

• ಇಎಸ್‌ಐ ವಂತಿಗೆ ಸಂಬಳದಲ್ಲೇ ಮುರಿಯುತ್ತಾರಲ್ಲ, ಬಳಸಿಕೊಳ್ಳಿ. ನಿಯಮದಷ್ಟು ದಿನ ವಂತಿಗೆ ಕಟ್ಟಿದ್ದರೆ ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ಕೂಲಿ ಸಿಗುತ್ತದೆ. ಮೊದಲು ಡಿಸ್ಪೆನ್ಸರಿ, ಆಮೇಲೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ.

• ಊಟದ ಡಬ್ಬಿ ಕಂಪ್ಯೂಟರ್ ಮುಂದೆ ಬಿಚ್ಚಬೇಡಿ. ನಾಲ್ಕು ಜನರ ಜೊತೆ ಕೂತು ಉಣ್ಣಿ.

• ಕಂಪನಿಯಲ್ಲಿ ಯೋಗ ಕ್ಲಾಸ್ ಇಟ್ಟರೆ ಹೋಗಿ. ಟಾರ್ಗೆಟ್ ಇಳಿಸಿ ಅನ್ನುವುದನ್ನು ಮಾತ್ರ ಬಿಡಬೇಡಿ.

• ನಿದ್ದೆಯೇ ಬರುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತಿದೆ ಎಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.