ಗಾಡಿ ಬಂತು, ಸುದ್ದಿ ಬರಲಿಲ್ಲ

ಎಲ್ಲಾದ್ರೂ ದೊಡ್ಡ ಬೆಂಕಿ ಬಿದ್ದರೆ ನಾವೆಲ್ಲ ಕೇಳೋ ಮೊದಲ ಪ್ರಶ್ನೆ ಒಂದೇ: ಫೈರ್ ಎಂಜಿನ್ ಎಷ್ಟು ಹೊತ್ತಿಗೆ ಬಂತು? ಮರುದಿನದ ಪೇಪರಿನಲ್ಲೂ ಅದೇ ಇರುತ್ತೆ. ತಡವಾಗಿ ಬಂದಿದ್ದರೆ ತಪ್ಪು ಯಾರದು ಅಂತ ಅಲ್ಲಿಗೇ ತೀರ್ಮಾನವಾಗಿಬಿಡುತ್ತೆ. ಆದರೆ 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದಾಗ ಈ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ತಪ್ಪು ಹುಡುಕೋಕೆ ಏನೂ ಇಲ್ಲ. ಮೊದಲ ಫೋನ್ ಕರೆ ಹೋದದ್ದು ಮಧ್ಯರಾತ್ರಿ ಕಳೆದು 12:54ಕ್ಕೆ. ಮೊದಲ ಗಾಡಿ ಬಂದು ನಿಂತದ್ದು 12:59ಕ್ಕೆ. ಐದೇ ನಿಮಿಷ. ಆದರೂ ಆ ಬೆಂಕಿಗೆ 72 ಜನ ಬಲಿಯಾದರು.

ಹಾಗಿದ್ರೆ ಹೊತ್ತು ಹೋದದ್ದೆಲ್ಲಿ? ಇದನ್ನು ಎಂಜಿನಿಯರಿಂಗ್ ಕಣ್ಣಿನಿಂದ ಬಿಡಿಸಿ ನೋಡೋಣ. ಸ್ವಲ್ಪ ಲೆಕ್ಕ ಇದೆ. ಹೆದರಬೇಡಿ, ಪಿಯುಸಿ ಮಟ್ಟದ್ದೇ.

ಬೆಂಕಿಯ ಗಡಿಯಾರ

ಹೊತ್ತಿಕೊಂಡ ಹೊಸದರಲ್ಲಿ ಬೆಂಕಿ ಹೊರಹಾಕುವ ಶಾಖದ ದರ ಕಾಲದ ವರ್ಗಕ್ಕೆ ಅನುಪಾತದಲ್ಲಿ ಏರುತ್ತೆ ಅಂತ ಫೈರ್ ಎಂಜಿನಿಯರಿಂಗ್‌ನಲ್ಲಿ ಒಂದು ಸರಳ ಮಾದರಿ ಇದೆ. ಎಷ್ಟು ಸೆಕೆಂಡ್ ಆಗಿದೆಯೋ ಅದರ ವರ್ಗವನ್ನು ಆಲ್ಫಾ ಅನ್ನೋ ಸ್ಥಿರಾಂಕದಿಂದ ಗುಣಿಸಿದರೆ ಕಿಲೋವ್ಯಾಟ್‌ನಲ್ಲಿ ಉತ್ತರ ಬರುತ್ತೆ. 'ವೇಗದ ಬೆಂಕಿ' ಅಂತ ವರ್ಗೀಕರಿಸಿದ್ದಕ್ಕೆ ಆಲ್ಫಾ ಸುಮಾರು 0.047. ಈಗ ಲೆಕ್ಕ ಹಾಕಿ: 2 ನಿಮಿಷಕ್ಕೆ ಸುಮಾರು 0.7 ಮೆಗಾವ್ಯಾಟ್, 4 ನಿಮಿಷಕ್ಕೆ 2.7, 8 ನಿಮಿಷಕ್ಕೆ 10.8. ಹೊತ್ತು ಎರಡು ಪಟ್ಟಾದರೆ ಬೆಂಕಿ ನಾಲ್ಕು ಪಟ್ಟು. ನಿಜವಾದ ಕೋಣೆಯಲ್ಲಿ ಇದು ಹೀಗೇ ಏರುತ್ತಾ ಹೋಗಲ್ಲ, ಗಾಳಿ ಸಾಲದೆ ಎಲ್ಲೋ ಒಂದು ಕಡೆ ನಿಲ್ಲುತ್ತೆ. ಆದರೆ ಅಷ್ಟರೊಳಗೆ ಫ್ಲ್ಯಾಶ್‌ಓವರ್ ಅನ್ನೋ ಘಟ್ಟ ಬಂದುಬಿಡಬಹುದು. ಅಂದರೆ ಕೋಣೆಯಲ್ಲಿ ಸುಡಬಲ್ಲದ್ದೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೊತ್ತಿಕೊಳ್ಳೋದು. ಅದಾದ ಮೇಲೆ ಆ ಕೋಣೆಯಲ್ಲಿ ಯಾರೂ ಉಳಿಯಲ್ಲ.

ಈ ಗಡಿಯಾರದ ಎದುರಿಗೆ ಅಗ್ನಿಶಾಮಕ ದಳದ ಗಡಿಯಾರ ಇಟ್ಟು ನೋಡಿ. ಯಾರೋ ಹೊಗೆ ನೋಡಬೇಕು, ಫೋನ್ ಮಾಡಬೇಕು, ಕಂಟ್ರೋಲ್ ರೂಂನವರು ವಿಳಾಸ ಕೇಳಿ ಠಾಣೆಗೆ ತಿಳಿಸಬೇಕು, ಸಿಬ್ಬಂದಿ ಸಜ್ಜಾಗಿ ಗಾಡಿ ಹತ್ತಬೇಕು, ರಸ್ತೆ ದಾಟಬೇಕು, ಪೈಪು ಬಿಚ್ಚಬೇಕು, ಮೇಲೆ ಹತ್ತಬೇಕು. ಇದರಲ್ಲಿ ಪೇಪರಿನವರು ಅಳೆಯೋದು ರಸ್ತೆಯ ತುಂಡನ್ನು ಮಾತ್ರ. ಅಮೆರಿಕದ ಎನ್‌ಎಫ್‌ಪಿಎ 1710 ಅನ್ನೋ ಮಾನದಂಡದಲ್ಲಿ ಸಜ್ಜಾಗೋಕೆ 80 ಸೆಕೆಂಡ್, ಮೊದಲ ಗಾಡಿಯ ಪ್ರಯಾಣಕ್ಕೆ 240 ಸೆಕೆಂಡ್ ಅಂತ ಗುರಿ ಇದೆ. ನಮ್ಮ ದೇಶದಲ್ಲೂ ನಗರಗಳಿಗೆ 5ರಿಂದ 7 ನಿಮಿಷ ಅನ್ನೋ ಶಿಫಾರಸು ಹಳೆಯದು. ಬೆಂಗಳೂರಿನ ಸಂಜೆ ಆರರ ಟ್ರಾಫಿಕ್ಕನ್ನು ನೋಡಿದವರಿಗೆ ಅದರ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ.

ಆದರೆ ಗಾಡಿ ನಿಂತ ತಕ್ಷಣ ಗಡಿಯಾರ ನಿಲ್ಲಲ್ಲ. ಗ್ರೆನ್‌ಫೆಲ್‌ನಲ್ಲಿ ಬೆಂಕಿ ಶುರುವಾದದ್ದು ನಾಲ್ಕನೇ ಮಹಡಿಯ ಒಂದು ಮನೆಯ ಅಡುಗೆಕೋಣೆಯಲ್ಲಿ, ಫ್ರಿಜ್ಜಿನ ಹತ್ತಿರ. 12:59ಕ್ಕೆ ಗಾಡಿ ಬಂತು, ಸಿಬ್ಬಂದಿ ಆ ಮನೆಯೊಳಗೆ ಕಾಲಿಟ್ಟಾಗ 1:07, ಅಡುಗೆಕೋಣೆಯ ಬೆಂಕಿ ಎದುರಿಸಿದಾಗ 1:14. ಇದು ಸೋಮಾರಿತನ ಅಲ್ಲ. ಬಹುಮಹಡಿ ಕಟ್ಟಡದಲ್ಲಿ ಬೆಂಕಿಗಿಂತ ಕೆಳಗಿನ ಮಹಡಿಯೊಂದರಲ್ಲಿ ನೆಲೆ ಮಾಡಿಕೊಂಡು, ಉಸಿರಾಟದ ಸಿಲಿಂಡರ್ ಹಾಕಿಕೊಂಡು, ಕಟ್ಟಡದ ಒಳಗಿನ ನೀರಿನ ಕೊಳವೆಗೆ ಪೈಪು ಜೋಡಿಸಿಕೊಂಡೇ ಮುಂದೆ ಹೋಗಬೇಕು. ಅಷ್ಟು ಹೊತ್ತಿಗೆ ಬೆಂಕಿ ಕಿಟಕಿಯಿಂದ ಹೊರಬಿದ್ದು ಕಟ್ಟಡದ ಹೊದಿಕೆಗೆ ಹತ್ತಿಕೊಂಡಿತ್ತು. ಆ ಹೊದಿಕೆ ಎರಡು ತೆಳು ಅಲ್ಯುಮಿನಿಯಂ ಹಾಳೆಗಳ ನಡುವೆ ಪಾಲಿಎಥಿಲೀನ್ ತುಂಬಿದ ಫಲಕ. ಪಾಲಿಎಥಿಲೀನ್ ಹೈಡ್ರೋಕಾರ್ಬನ್, ಕೆಮಿಸ್ಟ್ರಿ ಓದಿದವರಿಗೆ ಇಷ್ಟು ಸಾಕು. 1:30ರೊಳಗೆ ಬೆಂಕಿ 24 ಮಹಡಿಗಳ ಆ ಕಟ್ಟಡದ ತುದಿ ಮುಟ್ಟಿತ್ತು.

ನೀರು ಮತ್ತು ಏಣಿ

ನೀರಿನ ಶಕ್ತಿಯನ್ನು ಕಡಿಮೆ ಅಂದಾಜು ಮಾಡಬೇಡಿ. ಒಂದು ಲೀಟರ್ ನೀರು 20 ಡಿಗ್ರಿಯಿಂದ ಪೂರ್ತಿ ಆವಿಯಾಗೋಕೆ ಸುಮಾರು 2.6 ಮೆಗಾಜೂಲ್ ಹೀರಿಕೊಳ್ಳುತ್ತೆ. ನಿಮಿಷಕ್ಕೆ 450 ಲೀಟರ್ ಬಿಡುವ ಒಂದು ಪೈಪು, ಕಾಗದದ ಮೇಲೆ, 19 ಮೆಗಾವ್ಯಾಟ್ ಬೆಂಕಿಗೆ ಸಮ. ಬಹುಪಾಲು ನೀರು ಆವಿಯಾಗದೇ ನೆಲಕ್ಕೆ ಹರಿದು ಹೋಗೋದರಿಂದ ನಿಜದಲ್ಲಿ ಸಿಗೋದು ಅದರ ಒಂದು ಪಾಲು. ಆದರೂ ಸಣ್ಣ ಬೆಂಕಿಗೆ ಅದು ಧಾರಾಳ. ಕಷ್ಟ ಇರೋದು ಅದನ್ನು ಮೇಲೆ ತಲುಪಿಸೋದರಲ್ಲಿ. ಗ್ರೆನ್‌ಫೆಲ್‌ನ ಎತ್ತರ ಸುಮಾರು 67 ಮೀಟರ್. ನೀರನ್ನು ಅಲ್ಲಿಗೆ ಎತ್ತೋಕೇ 6.6 ಬಾರ್ ಒತ್ತಡ ಬೇಕು, ನಳಿಕೆಯ ಬಾಯಲ್ಲಿ ಇನ್ನೊಂದಿಷ್ಟು ಉಳಿಯಬೇಕು, ಮಧ್ಯೆ ಘರ್ಷಣೆಗೆ ಹೋಗೋದು ಬೇರೆ. ಅದೂ ಹರಿವಿನ ವರ್ಗದಂತೆ ಏರುತ್ತೆ: ಒಂದೇ ಕೊಳವೆಯಲ್ಲಿ ಎರಡು ಪಟ್ಟು ನೀರು ಕಳಿಸ್ತೀನಿ ಅಂದರೆ ನಷ್ಟ ನಾಲ್ಕು ಪಟ್ಟು. ಗ್ರೆನ್‌ಫೆಲ್‌ನಲ್ಲಿ ಇದ್ದದ್ದು ಡ್ರೈ ರೈಸರ್, ಅಂದರೆ ಖಾಲಿ ಕೊಳವೆ. ಕೆಳಗೆ ಗಾಡಿಯ ಪಂಪು ನೀರು ತುಂಬಿದರಷ್ಟೇ ಅದರಲ್ಲಿ ನೀರು. 50 ಮೀಟರ್ ದಾಟುವ ಹೊಸ ಕಟ್ಟಡಗಳಿಗೆ ಬ್ರಿಟನ್ನಿನಲ್ಲಿ ಸದಾ ನೀರು ತುಂಬಿರುವ ವೆಟ್ ರೈಸರ್ ಬೇಕು.

ಇನ್ನು ಏಣಿ. ಆ ರಾತ್ರಿ ಮೊದಲು ಹೊರಟ ಗಾಡಿಗಳಲ್ಲಿ ಏಣಿ ವಾಹನ ಇರಲೇ ಇಲ್ಲ. ಯಾಕಂದ್ರೆ ಡಿಸ್ಪ್ಯಾಚ್ ಅನ್ನೋದು ಬಹುಪಾಲು ಒಂದು ಲುಕ್‌ಅಪ್ ಟೇಬಲ್. ಇಂಥ ಕಟ್ಟಡ, ಇಂಥ ಕರೆ ಅಂತ ಒತ್ತಿದರೆ ಇಷ್ಟು ಗಾಡಿ ಅಂತ ಮೊದಲೇ ಬರೆದಿಟ್ಟಿರುತ್ತೆ. ಬಹುಮಹಡಿ ಕಟ್ಟಡದ ಮುಂದೆ ಲಂಡನ್ನಿನ ಆ ಟೇಬಲ್‌ನಲ್ಲಿ ಇದ್ದದ್ದು ನಾಲ್ಕು ಪಂಪ್ ವಾಹನ, ಏಣಿಯ ಜಾಗ ಖಾಲಿ. ಏಣಿ ವಾಹನ ಬಂದದ್ದು 1:32ಕ್ಕೆ, ಅಂದರೆ ಮೊದಲ ಕರೆಯಾಗಿ 38 ನಿಮಿಷಕ್ಕೆ. ಅದು ಬಂದರೂ ಆಗ ಲಂಡನ್ ದಳದ ಏಣಿಗಳ ಎತ್ತರ 32 ಮೀಟರ್, ಅಂದರೆ ಆ ಕಟ್ಟಡದ ಅರ್ಧಕ್ಕೂ ಕಡಿಮೆ. ದುರಂತದ ನಂತರ ಟೇಬಲ್ ಬದಲಾಯಿತು, ಐದು ಪಂಪ್ ಮತ್ತು ಒಂದು ಏಣಿ. ಆಮೇಲೆ 64 ಮೀಟರಿನ ಏಣಿಗಳನ್ನೂ ಕೊಂಡರು. ಬೆಂಗಳೂರಿಗೆ 90 ಮೀಟರಿನ ಏಣಿ ವಾಹನ ಬಂದಾಗ ನಮ್ಮಲ್ಲೂ ಎಲ್ಲರ ಬಾಯಲ್ಲಿ ಅದೇ ಮಾತು. ಏಣಿ ಬೇಕು, ನಿಜ. ಆದರೆ ಅಷ್ಟು ದೊಡ್ಡ ಗಾಡಿ ಕಾಲು ಚಾಚಿ ನಿಲ್ಲೋಕೆ ಗಟ್ಟಿಯಾದ, ಖಾಲಿಯಾದ ಜಾಗ ಬೇಕು. ಹೊಗೆ ತುಂಬಿದ ಹತ್ತಾರು ಮಹಡಿಗಳ ಜನರನ್ನೆಲ್ಲ ಒಂದು ಬುಟ್ಟಿಯಲ್ಲಿ ಇಳಿಸೋಕೆ ಆಗಲ್ಲ.

ಫೋನಿನ ಆ ಕಡೆ

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡೋದು ಏಣಿಯೂ ಅಲ್ಲ, ಪಂಪೂ ಅಲ್ಲ, ಕಂಟ್ರೋಲ್ ರೂಂ.

ಲಂಡನ್ನಿನಲ್ಲಿ ಬಹುಮಹಡಿ ವಸತಿ ಕಟ್ಟಡಗಳಿಗೆ 'ಸ್ಟೇ ಪುಟ್' ಅನ್ನೋ ನಿಯಮ ಇತ್ತು. ಬೆಂಕಿ ನಿಮ್ಮ ಮನೆಯಲ್ಲಿ ಇಲ್ಲ ಅಂದರೆ ಬಾಗಿಲು ಹಾಕಿಕೊಂಡು ಒಳಗೇ ಇರಿ. ಕೇಳಿದರೆ ವಿಚಿತ್ರ ಅನ್ನಿಸುತ್ತೆ, ಆದರೆ ಇದು ಮೂರ್ಖತನದ ನಿಯಮ ಅಲ್ಲ. ಪ್ರತಿ ಮನೆಯೂ ಕಾಂಕ್ರೀಟಿನ ಒಂದು ಪೆಟ್ಟಿಗೆ, ಒಂದರ ಬೆಂಕಿ ಇನ್ನೊಂದಕ್ಕೆ ಹರಡೋಕೆ ಗಂಟೆಗಟ್ಟಲೆ ಬೇಕು. ಇರೋದು ಒಂದೇ ಮೆಟ್ಟಿಲು, ಅದರಲ್ಲಿ ಸಿಬ್ಬಂದಿ ಹತ್ತಬೇಕು. ಎಲ್ಲರೂ ಒಟ್ಟಿಗೆ ಇಳಿದರೆ ಹೊಗೆಯಲ್ಲಿ ಸಿಕ್ಕಿಕೊಳ್ಳೋದೇ ಹೆಚ್ಚು. ಎಷ್ಟೋ ಬೆಂಕಿಗಳಲ್ಲಿ ಈ ನಿಯಮ ಜೀವ ಉಳಿಸಿದೆ. ಆದರೆ ಅದರ ಕೆಳಗೆ ಒಂದು ಊಹೆ ಇದೆ: ಬೆಂಕಿ ಪೆಟ್ಟಿಗೆಯೊಳಗೇ ಇರುತ್ತೆ. ಹೊದಿಕೆಗೆ ಹತ್ತಿದ ಕ್ಷಣ ಆ ಊಹೆ ಸುಳ್ಳಾಯಿತು. ಅದು ಸುಳ್ಳಾಗಿದೆ ಅಂತ ಪರೀಕ್ಷಿಸುವ ಒಂದು ಸಾಲು ಆ ಪ್ರೋಗ್ರಾಮಿನಲ್ಲಿ ಇರಲಿಲ್ಲ.

ಕೆಳಗೆ ರಸ್ತೆಯಲ್ಲಿ ನಿಂತವರಿಗೆಲ್ಲ ಕಟ್ಟಡ ಉರಿಯೋದು ಕಾಣ್ತಿತ್ತು. ಕರೆ ತೆಗೆದುಕೊಳ್ತಿದ್ದ ಆಪರೇಟರ್‌ಗಳಿಗೆ ಕಾಣ್ತಿರಲಿಲ್ಲ. ಮೇಲೆ ಹಾರುತ್ತಿದ್ದ ಪೊಲೀಸ್ ಹೆಲಿಕಾಪ್ಟರಿನ ವಿಡಿಯೋ ಅಗ್ನಿಶಾಮಕ ದಳಕ್ಕೆ ತಲುಪಲಿಲ್ಲ, ಆ ಕೊಂಡಿ ಕೆಲಸ ಮಾಡಲಿಲ್ಲ. ಹೀಗಾಗಿ 14ನೇ, 20ನೇ, 22ನೇ ಮಹಡಿಗಳಿಂದ ಫೋನ್ ಮಾಡಿದವರಿಗೆ ಆ ಕಡೆಯ ಧ್ವನಿ ತನಗೆ ಕಲಿಸಿದ್ದನ್ನೇ ಹೇಳುತ್ತಾ ಹೋಯಿತು: ಒಳಗೇ ಇರಿ, ನಿಮ್ಮನ್ನು ಕರೆದುಕೊಂಡು ಬರ್ತಾರೆ. ಜನ ನಂಬಿದರು. ನಂಬದೇ ಇರೋಕೆ ಅವರಿಗೆ ಕಾರಣ ಏನಿತ್ತು?

ಇಲ್ಲಿ ಕ್ಯೂಯಿಂಗ್ ಥಿಯರಿಯೂ ಇದೆ. ಸಾಮಾನ್ಯ ಕರೆ ಒಂದು ನಿಮಿಷದಲ್ಲಿ ಮುಗಿಯುತ್ತೆ ಅಂತ ಇಟ್ಟುಕೊಳ್ಳಿ. ಹತ್ತು ಜನ ಆಪರೇಟರ್ ಇದ್ದರೆ ಗಂಟೆಗೆ 600 ಕರೆ. ಆದರೆ ಬೆಂಕಿಯಲ್ಲಿ ಸಿಕ್ಕಿಕೊಂಡವರ ಕರೆಯನ್ನು ಕಟ್ ಮಾಡೋ ಹಾಗಿಲ್ಲ, ರಕ್ಷಣೆ ಸಿಗೋವರೆಗೆ ಜೊತೆಗಿರಬೇಕು. ಅದು 20 ನಿಮಿಷ ಅಂದುಕೊಂಡರೂ ಅದೇ ಹತ್ತು ಜನರ ಸಾಮರ್ಥ್ಯ ಗಂಟೆಗೆ 30ಕ್ಕೆ ಇಳಿಯುತ್ತೆ. ಜನ ಕಡಿಮೆಯಾಗಲಿಲ್ಲ, ಯಂತ್ರ ಕೆಡಲಿಲ್ಲ, ಒಂದು ಕರೆಯ ಅವಧಿ ಬದಲಾಯಿತು, ಅಷ್ಟೇ. ಉಕ್ಕಿದ ಕರೆಗಳು ಬೇರೆ ಊರುಗಳ ಕಂಟ್ರೋಲ್ ರೂಂಗಳಿಗೆ ಹೋದವು. ಅಲ್ಲಿದ್ದವರಿಗಂತೂ ಇಲ್ಲಿನ ಪರಿಸ್ಥಿತಿ ಇನ್ನೂ ದೂರ.

ಕರೆಯಲ್ಲಿ ಬಂದ ಮಾಹಿತಿ, ಅಂದರೆ ಯಾವ ಮಹಡಿ, ಯಾವ ಮನೆ, ಎಷ್ಟು ಜನ ಅನ್ನೋದು, ಬೆಂಕಿಯ ಹತ್ತಿರ ಇರುವ ಸಿಬ್ಬಂದಿಗೆ ತಲುಪಬೇಕಲ್ಲ? ಅದು ರೇಡಿಯೋದಲ್ಲಿ ಬಂದು, ಚೀಟಿಯಲ್ಲಿ ಬರೆದು, ಒಬ್ಬರು ಓಡಿ ಕೊಟ್ಟು, ಕೊನೆಗೆ ಕಟ್ಟಡದ ಗೋಡೆಯ ಮೇಲೆ ಗೀಚುವ ಮಟ್ಟಕ್ಕೆ ಹೋಯಿತು. ಯಾರು ಆಗಲೇ ಇಳಿದಿದ್ದಾರೆ, ಯಾರು ಉಳಿದಿದ್ದಾರೆ ಅನ್ನೋ ಸುದ್ದಿ ವಾಪಸ್ ಕಂಟ್ರೋಲ್ ರೂಂಗೆ ಹೋಗಲಿಲ್ಲ. ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಬರೆದವರಿಗೆ ಗೊತ್ತು, ಫೀಡ್‌ಬ್ಯಾಕ್ ಇಲ್ಲದ್ದನ್ನು ಓಪನ್ ಲೂಪ್ ಅಂತಾರೆ.

'ಸ್ಟೇ ಪುಟ್' ಆದೇಶವನ್ನು ಸ್ಥಳದಲ್ಲಿ ಕೈಬಿಟ್ಟದ್ದು 2:47ಕ್ಕೆ. 1:30ರಿಂದ 1:50ರ ನಡುವೆಯೇ ಆ ತೀರ್ಮಾನ ಆಗಬೇಕಿತ್ತು, ಆಗಿದ್ದರೆ ಸಾವುಗಳು ಕಡಿಮೆಯಾಗ್ತಿದ್ದವು ಅಂತ 2019ರಲ್ಲಿ ವಿಚಾರಣಾ ಆಯೋಗದ ಮೊದಲ ವರದಿ ಹೇಳಿತು. ಹಾಗೆ ನೋಡಿದರೆ ಇದು ಹೊಸ ಪಾಠವೂ ಅಲ್ಲ. 2009ರ ಜುಲೈ 3ರಂದು ಅದೇ ಲಂಡನ್ನಿನ ಲಕಾನಲ್ ಹೌಸ್‌ನಲ್ಲಿ ಆರು ಜನ ಸತ್ತಾಗಲೂ ಫೋನ್ ಸಲಹೆಯ ದೋಷ ಬಯಲಾಗಿತ್ತು. ಎಂಟು ವರ್ಷ ಕಳೆದರೂ ಅದು ಸರಿಹೋಗಿರಲಿಲ್ಲ. ಆಪರೇಟರ್‌ಗಳನ್ನು ಬೈಯೋದು ಸುಲಭ. ಕಣ್ಣು ಕಟ್ಟಿ ಕೂರಿಸಿದ್ದು ಯಾರು ಅಂತ ಕೇಳೋದು ಕಷ್ಟ.

ನಮ್ಮ ಕಡೆ

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅದೇನು ಗಗನಚುಂಬಿಯಲ್ಲ, ಏಳು ಮಹಡಿ. ವಿದ್ಯುತ್ ತಂತಿಗಳ ಡಕ್ಟ್‌ನಲ್ಲಿ ಎದ್ದ ಹೊಗೆ ಚಿಮಣಿಯಲ್ಲಿ ಏರಿದ ಹಾಗೆ ಮೇಲಿನ ಮಹಡಿಗಳನ್ನು ತುಂಬಿತು. ತುರ್ತು ನಿರ್ಗಮನದ ಬಾಗಿಲುಗಳಿಗೆ ಬೀಗ. ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ಪ್ರತಿ ಮಹಡಿಯಲ್ಲೂ ಡಕ್ಟ್‌ನ ಸಂದುಗಳನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು ಅಂತ ನಿಯಮ ಇರೋದು ಇದಕ್ಕೇ. ಸಿವಿಲ್‌ನವರು, ಎಲೆಕ್ಟ್ರಿಕಲ್‌ನವರು ಇಬ್ಬರೂ 'ಅದು ಅವರ ಕೆಲಸ' ಅಂತ ಬಿಡುವ ಜಾಗವೂ ಇದೇ.

ಈಗ ಕ್ಯಾಂಪಸ್ಸಿಗೆ ಬನ್ನಿ. ರಾತ್ರಿ ಎರಡು ಗಂಟೆ, ಹಾಸ್ಟೆಲ್ ಕಾರಿಡಾರ್‌ನಲ್ಲಿ ಹೊಗೆ, ನೀವು 112 ಒತ್ತಿದ್ದೀರಿ. ವಿಳಾಸ ಏನು ಹೇಳ್ತೀರಿ? ಕಾಲೇಜಿನ ಹೆಸರು ಹೇಳಿದರೆ ಗಾಡಿ ಮುಖ್ಯ ಗೇಟಿಗೆ ಬರುತ್ತೆ. ಹಾಸ್ಟೆಲ್ ಹಿಂದಿನ ಗೇಟಿನ ಹತ್ತಿರ ಇದ್ದರೆ? ಆ ಗೇಟಿನ ಕೀ ರಾತ್ರಿ ಯಾರ ಹತ್ತಿರ? ಮೊಬೈಲ್ ಲೊಕೇಶನ್ ಕಟ್ಟಡದ ತನಕ ತಂದು ಬಿಡಬಹುದು, ನೀವು ಎಷ್ಟನೇ ಮಹಡಿಯಲ್ಲಿದ್ದೀರಿ ಅಂತ ಹೇಳಲ್ಲ. ಬ್ಲಾಕ್, ಮಹಡಿ, ರೂಮ್ ನಂಬರ್, ಎಷ್ಟು ಜನ, ಯಾವ ಗೇಟು, ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳೋಕೆ ಬರಬೇಕು. ಕೆಳಗಿಳಿದ ಮೇಲೆ 'ನಾವು ಇಳಿದಾಯ್ತು' ಅಂತ ಮತ್ತೆ ತಿಳಿಸಬೇಕು, ಇಲ್ಲದಿದ್ದರೆ ಖಾಲಿ ರೂಮಿಗಾಗಿ ಯಾರೋ ಹೊಗೆಯೊಳಗೆ ಹತ್ತುತ್ತಾರೆ. ಗಾಡಿ ಬರೋ ದಾರಿಯಲ್ಲಿ ಫೆಸ್ಟ್‌ನ ಕಮಾನು, ಸಾಲಾಗಿ ನಿಲ್ಲಿಸಿದ ಬೈಕು ಇದ್ದರೆ ಮೇಲಿನ ಲೆಕ್ಕಕ್ಕೆ ಅದನ್ನೂ ಸೇರಿಸಿ.

ಕೊನೆಗೆ ಒಂದು ಸಣ್ಣ ಕೆಲಸ. ನಿಮ್ಮ ಬ್ಲಾಕಿನ ಮೆಟ್ಟಿಲ ಪಕ್ಕದ ಕೆಂಪು ಪೆಟ್ಟಿಗೆಯನ್ನು ನೋಡಿ ಬನ್ನಿ. ಒಳಗೆ ಪೈಪು ಇದೆಯೇ, ನಳಿಕೆ ಇದೆಯೇ, ಗಾಜಿನ ಹಿಂದೆ ಪೊರಕೆ ಇಟ್ಟಿದ್ದಾರೆಯೇ ಅಂತ. ಆಮೇಲೆ ಪಂಪ್ ರೂಮಿಗೆ ಹೋಗಿ ಗೇಜ್ ಓದಿ. ಅತಿ ದೂರದ, ಅತಿ ಎತ್ತರದ ಹೈಡ್ರಂಟ್‌ನಲ್ಲಿ 3.5 ಬಾರ್ ಸಿಗಬೇಕು ಅಂತ ನ್ಯಾಷನಲ್ ಬಿಲ್ಡಿಂಗ್ ಕೋಡ್ ಹೇಳುತ್ತೆ. ನಿಮ್ಮ ಕಟ್ಟಡದ ಎತ್ತರಕ್ಕೆ ಪ್ರತಿ 10 ಮೀಟರಿಗೆ ಒಂದು ಬಾರ್ ಕೂಡಿಸಿದರೆ ಕೆಳಗೆ ಎಷ್ಟು ಇರಬೇಕು ಅಂತ ನಿಮಗೇ ಸಿಗುತ್ತೆ, ಘರ್ಷಣೆ ಬಿಟ್ಟು. ಮುಳ್ಳು ಸೊನ್ನೆಯಲ್ಲಿ ನಿಂತಿದ್ದರೆ ಎಸ್ಟೇಟ್ ಆಫೀಸಿಗೆ ಬಾಯಲ್ಲಿ ಹೇಳಬೇಡಿ, ದಿನಾಂಕ ಹಾಕಿ ಬರೆದು ಕೊಡಿ, ಒಂದು ಪ್ರತಿ ನೀವೇ ಇಟ್ಟುಕೊಳ್ಳಿ.