ಚಾಪಿ ಮ್ಯಾಲೋ, ಕುರ್ಚಿ ಮ್ಯಾಲೋ?

ಪ್ರಶ್ನೆ: ಮಗನ ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ನೋಡಿದೆ. ಮಾರ್ಕೆಟ್ ಬಿದ್ದುಹೋದ ಒಬ್ಬ ಹೀರೋ. ಬಾಲ್ಯದ ಗೆಳೆಯ ತೀರಿಕೊಂಡ ಸುದ್ದಿ ಬರುತ್ತದೆ. ಸಮುದ್ರದ ದಂಡೆಯ ತನ್ನ ಊರು, ಹರೆಯದಲ್ಲಿ ಆದದ್ದು, ಬಿಟ್ಟು ಓಡಿದ್ದು ಎಲ್ಲ ಅವನ ಕಣ್ಣಮುಂದೆ ಬರುತ್ತದೆ. ನೋಡುತ್ತಿದ್ದಂತೆ ನಮ್ಮ ದೊಡ್ಡಪ್ಪ ನೆನಪಾದರು. ನಾಟಕ ಕಂಪನಿಯಲ್ಲಿ ಹೆಣ್ಣು ಪಾರ್ಟು ಮಾಡುತ್ತಿದ್ದರಂತೆ. ನಾನು ಕಂಡದ್ದು ಮಾತ್ರ ಪಡಸಾಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದ ಮುದುಕರನ್ನು. ನಮ್ಮ ಕಡೆಯ ನಟರ ಬಗ್ಗೆ ಇಂಥ ಸಿನಿಮಾ ಬಂದಿದೆಯೇ? ಅವರಿಗೂ ಹರೆಯ ಹೀಗೇ ಕಾಡುತ್ತಿತ್ತೇ?
— ಓದುಗರೊಬ್ಬರು, ಮುನವಳ್ಳಿ

ಉತ್ತರ: ನೀವು ನೋಡಿದ್ದು 2008ರಲ್ಲಿ ಬಂದ ‘ಫ್ಲ್ಯಾಶ್‌ಬ್ಯಾಕ್ಸ್ ಆಫ್ ಎ ಫೂಲ್’ ಇರಬೇಕು. ನಿರ್ದೇಶಕ ಬೇಲಿ ವಾಲ್ಶ್, ಬಿದ್ದುಹೋದ ನಟನ ಪಾತ್ರದಲ್ಲಿ ಡೇನಿಯಲ್ ಕ್ರೇಗ್. ಆ ಚಿತ್ರಕ್ಕಿಂತ ನೀವು ಅದನ್ನು ನೋಡುತ್ತ ದೊಡ್ಡಪ್ಪನನ್ನು ನೆನೆದದ್ದು ನನಗೆ ದೊಡ್ಡದಾಗಿ ಕಂಡಿತು. ಹಾಗಾಗಿ ಸಿನಿಮಾದ ಮಾತನ್ನು ಬೇಗ ಮುಗಿಸಿ ಅವರ ಕಡೆಗೆ ಬರುತ್ತೇನೆ.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಎಂದರೆ ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’, 1981ರದ್ದು. ಅಶ್ವತ್ಥರ ಕಾದಂಬರಿ, ಆರತಿ ನಾಯಕಿ. ಕಂಪನಿ ನಾಟಕದ ನಟಿಯೊಬ್ಬಳು ಎಂದೋ ಕೈಬಿಟ್ಟುಹೋದ ತನ್ನ ಹಿಂದಿನ ಬದುಕಿಗೆ ಎದುರಾಗುವ ಕಥೆ ಅದು. ಅಲ್ಲಿ ತೂಕವೆಲ್ಲ ತಾಯ್ತನದ ಮೇಲಿದೆ. ಬಣ್ಣ ಕಳಚಿದ ಮುದಿ ನಟನೊಬ್ಬನನ್ನೇ ನಡುವೆ ಕೂರಿಸಿ, ಅದೇ ತೂಕದಲ್ಲಿ ಹೇಳಿದ ದೊಡ್ಡ ಚಿತ್ರ ನಮ್ಮ ಭಾಷೆಗೆ ಇನ್ನೂ ಬಾಕಿ ಇದೆ ಎಂದೇ ನನ್ನ ಅಭಿಪ್ರಾಯ. ಗಡಿಯಾಚೆಯ ಮರಾಠಿಯವರು ಈ ಕೆಲಸ ಮಾಡಿದ್ದಾರೆ. ಶಿರವಾಡಕರರು 1970ರಲ್ಲಿ ‘ನಟಸಮ್ರಾಟ’ ನಾಟಕ ಬರೆದರು, 2016ರಲ್ಲಿ ಅದು ನಾನಾ ಪಾಟೇಕರರ ಸಿನಿಮಾ ಆಯಿತು. ಹೆಣ್ಣು ಪಾತ್ರಗಳ ನಟ ಬಾಲಗಂಧರ್ವರ ಬದುಕು 2011ರಲ್ಲಿ ತೆರೆಗೆ ಬಂತು. ಬಂಗಾಳದ ಸತ್ಯಜಿತ್ ರಾಯ್ 1966ರಲ್ಲೇ ‘ನಾಯಕ್’ ತೆಗೆದು, ಪ್ರಶಸ್ತಿ ತರಲು ರೈಲಿನಲ್ಲಿ ದಿಲ್ಲಿಗೆ ಹೊರಟ ತಾರೆಯ ಹಳೆಯ ಅಂಜಿಕೆಗಳನ್ನೆಲ್ಲ ಆ ಬೋಗಿಯಲ್ಲೇ ಬಿಚ್ಚಿದರು. ಚಾಪ್ಲಿನ್ನರ ‘ಲೈಮ್‌ಲೈಟ್’ ಇನ್ನೂ ಹಳೆಯದು, 1952ರದ್ದು. ಜನ ನಗುವುದನ್ನು ಬಿಟ್ಟ ಒಬ್ಬ ಮುದಿ ವಿದೂಷಕನ ಕಥೆ. ನಡೆಯುವುದು 1914ರ ಲಂಡನ್ನಿನಲ್ಲಿ.

1914 ಎಂದೊಡನೆ ನನ್ನ ಮನಸ್ಸು ಲಂಡನ್ ಬಿಟ್ಟು ನಿಮ್ಮ ತಾಲ್ಲೂಕಿಗೇ ಬರುತ್ತದೆ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ ಬಾಳಪ್ಪ ಹುಟ್ಟಿದ್ದು ಆ ವರ್ಷವೇ. ಹುಡುಗನಾಗಿದ್ದಾಗ ಬಣ್ಣ ಹಚ್ಚಿದರು, ಹರೆಯದಲ್ಲಿ ಸೀರೆಯುಟ್ಟು ಹೆಣ್ಣು ಪಾತ್ರ ಮಾಡಿದರು, ಆಮೇಲೆ ಕಲಾವೈಭವ ನಾಟ್ಯಸಂಘ ಕಟ್ಟಿಕೊಂಡು ಊರೂರು ತಿರುಗಿದರು. ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಅವರು ಬಸವಣ್ಣನಾಗಿ ಬಂದರೆ ಜನ ಕೈಮುಗಿದು ನಿಲ್ಲುತ್ತಿದ್ದರು. ಪತ್ನಿ ಲಕ್ಷ್ಮೀಬಾಯಿ ಸ್ವತಃ ದೊಡ್ಡ ನಟಿ. ಮಗ ನಟರಾಜ ಏಣಗಿಯೂ ನಟ, ತಂದೆಯ ಕಣ್ಣೆದುರೇ ತೀರಿಹೋದರು. ಬಾಳಪ್ಪನವರು ನಾಡೋಜರಾದರು, ನೂರು ದಾಟಿದರು, 2017ರ ಆಗಸ್ಟ್ 18ರಂದು ಹೋದರು. ಅವರ ಆತ್ಮಕಥನದ ಹೆಸರು ‘ಬಣ್ಣದ ಬದುಕಿನ ಚಿನ್ನದ ದಿನಗಳು’. ಹಳೆಯ ದಿನಗಳನ್ನು ಚಿನ್ನ ಎಂದು ಕರೆಯಬಲ್ಲವನಿಗೆ ಅವು ಬೆನ್ನಟ್ಟಿ ಬರುವ ದಿನಗಳಾಗಿರಲಿಲ್ಲ.

ಎಲ್ಲರ ಪಾಲಿಗೂ ಹಾಗೆ ಇರಲಿಲ್ಲ. ಕಾರಣ ತಿಳಿಯಬೇಕಾದರೆ ಹೆಣ್ಣು ಪಾರ್ಟಿನ ಹುಡುಗನ ಹರೆಯ ಎಂಥದ್ದೆಂದು ನೋಡಬೇಕು.

ನಿಮ್ಮ ಊರಿಗೆ ಹತ್ತಿರದ ಗುರ್ಲಹೊಸೂರು ನಿಮಗೆ ಗೊತ್ತೇ ಇರುತ್ತದೆ. ಮರಾಠಿ ಸಂಗೀತ ನಾಟಕದ ಮೂಲಪುರುಷ ಅಣ್ಣಾಸಾಹೇಬ ಕಿರ್ಲೋಸ್ಕರ 1843ರಲ್ಲಿ ಹುಟ್ಟಿದ್ದೂ 1885ರಲ್ಲಿ ಕಣ್ಣುಮುಚ್ಚಿದ್ದೂ ಅಲ್ಲೇ. ಅವರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿಸಿದಾಗ ಹೆಣ್ಣು ಪಾತ್ರ ಮಾಡಿದ್ದು ಗಂಡಸರು. ಅವರು ಕಟ್ಟಿದ ಮಂಡಳಿಗೆ 1905ರಲ್ಲಿ ಸೇರಿದ ಹುಡುಗನೇ ಬಾಲಗಂಧರ್ವ. ಕನ್ನಡದ ಕಂಪನಿಗಳಲ್ಲೂ ಅದೇ ರೂಢಿ. ಗದಗಿನ ಕಡೆಯ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಶಿರಹಟ್ಟಿ ವೆಂಕೋಬರಾಯರ ಮಂಡಳಿ, ಕೊಣ್ಣೂರ ಕಂಪನಿ, ವಾಮನರಾವ್ ಮಾಸ್ತರರ ಕಂಪನಿ ಇವೆಲ್ಲ ದನಿ ಚೆನ್ನಾಗಿದ್ದ ಹುಡುಗರಿಗಾಗಿ ಹುಡುಕುತ್ತಿದ್ದವು. ಮಲ್ಲಿಕಾರ್ಜುನ ಮನ್ಸೂರರು ಚಿಕ್ಕಂದಿನಲ್ಲಿ ಸೇರಿದ್ದು ವಾಮನರಾಯರ ಕಂಪನಿಗೇ.

ಹಾಗೆ ಸೇರಿದ ಹತ್ತು ಹನ್ನೆರಡರ ಹುಡುಗನಿಗೆ ಕಂಪನಿಯೇ ಮನೆ, ಮಾಸ್ತರರೇ ತಂದೆ. ಬೆಳಿಗ್ಗೆ ಕಾಲ್ಪೆಟ್ಟಿಗೆ ಹಾರ್ಮೋನಿಯಮ್ಮಿನ ಮುಂದೆ ಸಾಧನೆ, ಮಧ್ಯಾಹ್ನ ತಾಲೀಮು, ರಾತ್ರಿ ನಾಟಕ. ಕೂದಲು ಕತ್ತರಿಸುವಂತಿಲ್ಲ. ನಡಿಗೆಯಲ್ಲಿ, ಕೂರುವುದರಲ್ಲಿ, ನೀರು ಕುಡಿಯುವುದರಲ್ಲಿ ಹೆಣ್ತನ ಬಂದರೆ ಮಾಸ್ತರರಿಗೆ ಖುಷಿ. ಹದಿನೈದು ಹದಿನಾರಕ್ಕೆ ಒಂದು ದಿನ ಕಂಠ ಒಡೆಯುತ್ತಿತ್ತು. ಉಳಿದ ಹುಡುಗರ ಪಾಲಿಗೆ ಅದೇ ಹರೆಯದ ಆರಂಭ. ಇವನ ಪಾಲಿಗೆ ಅದು ಮುಪ್ಪು. ಕೆಲವರು ಗಂಡು ಪಾರ್ಟಿಗೆ ಹೊರಳಿಕೊಂಡರು. ಕೆಲವರು ತಗ್ಗಿದ ದನಿಯಲ್ಲೇ ಇನ್ನಷ್ಟು ವರ್ಷ ತಳ್ಳಿದರು. ಅಷ್ಟರಲ್ಲಿ ಕಂಪನಿಗಳಿಗೆ ಹೆಣ್ಣುಮಕ್ಕಳೇ ಬಂದರು, 1934ರಲ್ಲಿ ‘ಸತಿ ಸುಲೋಚನ’ದೊಂದಿಗೆ ಕನ್ನಡದಲ್ಲಿ ಟಾಕಿಯೂ ಬಂತು. ಸೀರೆಯುಟ್ಟ ಗಂಡಸಿಗೆ ಜಾಗ ಉಳಿಯಲಿಲ್ಲ. ಬಾಳಪ್ಪನವರು ದಾಟಿದ್ದು ಇದನ್ನೇ. ಹೆಣ್ಣು ಪಾತ್ರ ಮುಗಿದ ಮೇಲೆ ಅವರಿಗೆ ಬಸವಣ್ಣ ಸಿಕ್ಕ, ಸ್ವಂತ ಕಂಪನಿ ಸಿಕ್ಕಿತು. ಅವರ ಜೊತೆ ಬಣ್ಣ ಹಚ್ಚಿದ ಎಷ್ಟೋ ಹುಡುಗರಿಗೆ ಎರಡನೆಯ ಪಾತ್ರ ಸಿಗಲಿಲ್ಲ. ಅವರು ಊರಿಗೆ ಬಂದು ಹೊಲ ಹಿಡಿದರು.

ಬಾಲಗಂಧರ್ವರು ದಾಟಲೇ ಇಲ್ಲ. ಅರವತ್ತು ಮೀರಿದ ಮೇಲೂ ಸೀರೆಯುಟ್ಟು ರಂಗಕ್ಕೆ ಬಂದರು. ಸಾಲ ಏರಿದಾಗ 1935ರಲ್ಲಿ ಶಾಂತಾರಾಮರ ‘ಧರ್ಮಾತ್ಮಾ’ದಲ್ಲಿ ಏಕನಾಥರ ಪಾತ್ರ ಮಾಡಿದರು, ಅಭಿಮಾನಿಗಳಿಗೆ ಅವರನ್ನು ಗಂಡಸಿನ ವೇಷದಲ್ಲಿ ನೋಡಲು ಮನಸ್ಸಾಗಲಿಲ್ಲ. ಮುಂದೆ ಮೀರಾಬಾಯಿಯಾಗಿ ಕ್ಯಾಮೆರಾ ಎದುರು ನಿಂತರು, ಅದೂ ಕೈಹಿಡಿಯಲಿಲ್ಲ. ರಂಗದ ದೀಪ ಮುಚ್ಚಿಟ್ಟದ್ದನ್ನು ಕ್ಯಾಮೆರಾ ಬಿಚ್ಚಿ ತೋರಿಸಿತ್ತು. ಮುಪ್ಪಿನಲ್ಲಿ ಅವರ ಜೊತೆಗಿದ್ದ ಗೋಹರಬಾಯಿ ನಮ್ಮ ಬೀಳಗಿಯವರು, ಅಮೀರಬಾಯಿ ಕರ್ನಾಟಕಿಯವರ ಅಕ್ಕ. ಜನ ಆಕೆಯನ್ನು ಬೇಕಾದಷ್ಟು ಬೈದರು. ಮುದಿ ನಟನ ಪಕ್ಕದಲ್ಲಿ ನಿಲ್ಲುವುದು ಎಷ್ಟು ಕಷ್ಟದ ಕೆಲಸ ಎಂಬುದನ್ನು ನೆನೆದರೆ ಆ ಬೈಗುಳ ನನಗೆ ಇವತ್ತಿಗೂ ನೋವು ಕೊಡುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ: ಅವರಿಗೂ ಹರೆಯ ಕಾಡುತ್ತಿತ್ತೇ?

ಸಿನಿಮಾ ನಟನಿಗೆ ತನ್ನ ಹರೆಯವನ್ನು ನೋಡಲು ಒಂದು ಗುಂಡಿ ಒತ್ತಿದರೆ ಸಾಕು. ಅದು ಮುಪ್ಪಾಗುವುದಿಲ್ಲ, ತೆರೆಯ ಮೇಲೆ ಹಾಗೇ ಓಡುತ್ತಿರುತ್ತದೆ, ಆ ಹೋಲಿಕೆಯೇ ಅವನನ್ನು ಸುಡುತ್ತದೆ. ಕಂಪನಿ ನಟನ ಹರೆಯ ಎಲ್ಲೂ ದಾಖಲಾಗಲಿಲ್ಲ. ಅದು ಉಳಿದದ್ದು ನೋಡಿದವರ ಕಣ್ಣಲ್ಲಿ. ಅವರು ಒಬ್ಬೊಬ್ಬರೇ ಹೋಗುತ್ತಿದ್ದಂತೆ ನಟನ ಹರೆಯವೂ ಸ್ವಲ್ಪ ಸ್ವಲ್ಪವಾಗಿ ಹೋಗುತ್ತದೆ.

ಇದು ನನಗೆ ತಿಳಿದದ್ದು ಓದಿನಿಂದಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ ಇಂಥ ಒಬ್ಬ ಅಜ್ಜನ ಮನೆಗೆ ಹೋಗಿದ್ದೆ. ಎಂಬತ್ತು ದಾಟಿದ್ದರು. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಬೇಕಿತ್ತು, ಕಲಾಸೇವೆಗೆ ದಾಖಲೆ ಲಗತ್ತಿಸಬೇಕಿತ್ತು. ಮೊಮ್ಮಗ ಅಟ್ಟದಿಂದ ತಗಡಿನ ಟ್ರಂಕು ಇಳಿಸಿದ. ಒಳಗೆ ಹಳದಿಗೆ ತಿರುಗಿದ ನಾಲ್ಕು ಹ್ಯಾಂಡ್‌ಬಿಲ್, ಒಂದು ಸವೆದ ಗೆಜ್ಜೆಯ ಜೊತೆ, ಗುಂಡಿಗಳಿಲ್ಲದ ಒಂದು ಜರಿಯ ಕುಪ್ಪಸ, ಒಂದು ಫೋಟೋ. ಫೋಟೋದಲ್ಲಿದ್ದದ್ದು ಮೂಗುತಿ ಇಟ್ಟ, ತಲೆ ಬಾಗಿಸಿ ನಿಂತ ಸುಭದ್ರೆ.

“ನಿಮ್ಮ ಹರೇದ ಫೋಟೋ ಐತೇನ್ರಿ ಅಜ್ಜಾರ?” ಎಂದು ಕೇಳಿದೆ.

“ಇದೇರಿ ಅದು,” ಎಂದರು.

ಗಂಡಸಾಗಿ, ತಮ್ಮದೇ ಮುಖದಲ್ಲಿ, ಅವರು ಹರೆಯದಲ್ಲಿ ಒಂದೂ ಫೋಟೋ ತೆಗೆಸಿಕೊಂಡಿರಲಿಲ್ಲ. ವಯಸ್ಸು ಕೇಳಿದರೆ ಇಸವಿ ಹೇಳಲು ಬರುತ್ತಿರಲಿಲ್ಲ. ಗೋಕಾಕದ ಕ್ಯಾಂಪಿನಲ್ಲಿ ತಮಗೆ ಹದಿನಾರು, ಬನಶಂಕರಿ ಜಾತ್ರೆಯಲ್ಲಿ ಡೇರೆ ಹಾರಿಹೋದ ವರ್ಷ ಇಪ್ಪತ್ತು, ಹೀಗೆ ಲೆಕ್ಕ. ಮಾತಾಡುವಾಗ ಹೆಗಲ ಮೇಲಿನ ಟವೆಲ್ಲು ಜಾರಿತು. ಅದನ್ನು ಎರಡು ಬೆರಳಲ್ಲಿ ಹಿಡಿದು, ಮೊಣಕೈ ಮೈಗೆ ಹತ್ತಿಸಿಕೊಂಡು, ಸೆರಗು ಎಳೆದುಕೊಂಡಂತೆ ಮೇಲೆಳೆದುಕೊಂಡರು. ಅವರಿಗೆ ಅದರ ಅರಿವಿರಲಿಲ್ಲ. ಕಂಪನಿ ಬಿಟ್ಟು ಐವತ್ತು ವರ್ಷವಾಗಿತ್ತು, ಕೈ ಮಾತ್ರ ಇನ್ನೂ ಕಂಪನಿಯಲ್ಲೇ ಇತ್ತು.

ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಅಜ್ಜಿ ಹೇಳಿದರು: “ನಾ ಇವರನ್ನ ಮದಲ ನೋಡಿದ್ದ ಸೀರ್ಯಾಗರಿ. ಲಗ್ನಕ್ಕಿಂತ ಮದಲ, ಜಾತ್ರ್ಯಾಗ. ಇವರ ಉಟ್ಟಂಗ ಉಡಾಕ ನನಗ ಇನ್ನೂ ಬರೂದಿಲ್ಲ.” ಅಜ್ಜ ಮುಖ ಅತ್ತ ತಿರುಗಿಸಿದರು. ನಾಚಿಕೆಯೋ ಸಂತೋಷವೋ, ಕಿವಿ ಕೆಂಪಾಗಿತ್ತು. ಒಂದು ಪದ ಹೇಳಿರಿ ಎಂದರೆ ಒಲ್ಲೆ ಎಂದರು. “ದನಿ ಹೋಗೇತ್ರಿ. ಇದ್ದ ದನೀನ ಯಾರರ ಕಿವ್ಯಾಗ ಇರಲಿ.”

ನಿಮ್ಮ ದೊಡ್ಡಪ್ಪ ಪಡಸಾಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದದ್ದು ಯಾಕೆ ಎಂದು ನಾನು ಹೇಳಲಾರೆ. ಆ ಅಜ್ಜನ ಮನೆಯಲ್ಲಿ ಕಂಡದ್ದನ್ನು ಇಟ್ಟುಕೊಂಡು ಇಷ್ಟು ಹೇಳಬಹುದು: ಸುಮ್ಮನಿದ್ದವರೆಲ್ಲ ಪಶ್ಚಾತ್ತಾಪ ಪಡುತ್ತಿದ್ದರು ಎಂದುಕೊಳ್ಳಬೇಡಿ. ನೀವು ನೋಡಿದ ಸಿನಿಮಾದ ನಾಯಕ ತನ್ನ ಹರೆಯದಿಂದ ಓಡಿಹೋದವನು, ಅದಕ್ಕೇ ಅವನು ಅದರ ಎದುರು ನಿಲ್ಲಬೇಕಾಯಿತು. ನಮ್ಮವರು ಓಡಿಹೋದವರಲ್ಲ. ಅವರ ಕೈಯಿಂದ ಕಾಲವೇ ಕಿತ್ತುಕೊಂಡದ್ದು. ಊರಿಗೆ ಮರಳಿದ ಮೇಲೆ ಕೆಲವರು ಹೆಣ್ಣಿಗ ಎಂಬ ಕೊಂಕನ್ನೂ ಕೇಳಿಕೊಂಡರು. ರಾತ್ರಿಯೆಲ್ಲ ಒನ್ಸ್ ಮೋರ್ ಕೂಗಿದ್ದ ಊರೇ ಬೆಳಗ್ಗೆ ಹಾಗೆ ಕರೆಯಿತು. ಅಂಥ ಮಾತಿಗೆ ಉತ್ತರ ಕೊಡುವುದಕ್ಕಿಂತ ಮೌನ ಲೇಸು ಎನ್ನಿಸಿದ್ದರೆ ಆಶ್ಚರ್ಯವಿಲ್ಲ.

ಒಂದು ಕೆಲಸ ಮಾಡಿ. ಮನೆಯ ಅಟ್ಟದ ಮೇಲೆ ಅವರ ಟ್ರಂಕು ಇದ್ದರೆ ಇಳಿಸಿ ನೋಡಿ. ಹ್ಯಾಂಡ್‌ಬಿಲ್ ಸಿಕ್ಕರೆ ಮಡಿಕೆಯಲ್ಲಿ ಹರಿಯದಂತೆ ನಿಧಾನ ಬಿಚ್ಚಿ, ಕಂಪನಿಯ ಹೆಸರು, ಕ್ಯಾಂಪು, ನಾಟಕ, ಪಾತ್ರ ಬರೆದಿಟ್ಟುಕೊಳ್ಳಿ. ಆಮೇಲೆ ಮುನವಳ್ಳಿಯ ಪೇಟೆಯಲ್ಲಿ, ಎಲ್ಲಮ್ಮನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಮನೆಗಳಲ್ಲಿ, ಎಂಬತ್ತು ದಾಟಿದವರನ್ನು ಕೇಳಿ. ನೋಡಿದವರು ಇನ್ನೂ ಒಬ್ಬಿಬ್ಬರು ಸಿಕ್ಕಾರು. ಬೇಗ ಕೇಳಬೇಕು.

ಯಾಕೆ ಹೀಗೆ ಹೇಳುತ್ತೇನೆಂದರೆ, ಆ ದಿನ ನಾನು ಎದ್ದು ಹೊರಡುವ ಹೊತ್ತಿಗೆ ಓಣಿಯ ಒಬ್ಬ ಮುದುಕರು ಕೋಲೂರಿಕೊಂಡು ಒಳಗೆ ಬಂದರು. ಹರಡಿದ್ದ ಫೋಟೋ ನೋಡಿ, “ಏ, ಈ ಸುಭದ್ರಾನ್ನ ನಾ ನೋಡೀನಿ. ಸಣ್ಣಾವಿದ್ದೆ, ಅಪ್ಪ ಕರಕೊಂಡ ಹೋಗಿದ್ದ,” ಎಂದರು. ಅಷ್ಟು ಹೊತ್ತು ಗೋಡೆಗೆ ಒರಗಿದ್ದ ಅಜ್ಜ ನೆಟ್ಟಗೆ ಕೂತರು.

“ಎಲ್ಲಿ ಕುಂತಿದ್ದಿ? ಚಾಪಿ ಮ್ಯಾಲೋ, ಕುರ್ಚಿ ಮ್ಯಾಲೋ?”

“ಕುರ್ಚಿ ನಮಗೆಲ್ಲಿದು? ಹಿಂದ, ಚಾಪಿ ಮ್ಯಾಲ.”

ಅಜ್ಜ ಟವೆಲ್ಲನ್ನು ಮತ್ತೆ ಎರಡು ಬೆರಳಲ್ಲಿ ಹೆಗಲಿಗೆ ಎಳೆದುಕೊಂಡರು.

“ಹಂಗಾದ್ರ ಚಂದ ಕಂಡಿರಬೇಕು ನಾ,” ಎಂದರು.