ಇಪ್ಪತ್ತು ಡಾಲರಿಗೆ ನಲವತ್ತರ ತರಕಾರಿ

ಡೆಟ್ರಾಯಿಟ್ ಸುತ್ತಮುತ್ತಲಿನ ಬಹಳಷ್ಟು ಕನ್ನಡಿಗರಂತೆ ನಮ್ಮ ಮನೆಯ ಅನ್ನವೂ ಕಾರು ಉದ್ಯಮದ್ದು. ಆ ಉದ್ಯಮ ಕೈ ಹಿಡಿತ ಮಾಡಿದ ವರ್ಷ ನಮ್ಮ ಮನೆಯವರ ಕೆಲಸ ಹೋಯಿತು. ಮಿಷಿಗನ್ ರಾಜ್ಯದ ನಿರುದ್ಯೋಗ ಭತ್ಯೆ ಆಗ ವಾರಕ್ಕೆ ಹೆಚ್ಚೆಂದರೆ 362 ಡಾಲರ್, ಅದೂ 20 ವಾರ ಮಾತ್ರ. ಮನೆಸಾಲದ ಕಂತು, ಕಾರಿನ ವಿಮೆ, ಗ್ಯಾಸ್ ಬಿಲ್ಲು ಯಾವುದೂ ನಮಗಾಗಿ ಕಾಯುವುದಿಲ್ಲ. ಇಂಥ ಹೊತ್ತಿನಲ್ಲಿ ಮೊದಲು ಕತ್ತರಿ ಬೀಳುವುದು ತರಕಾರಿಗೆ. ಅಕ್ಕಿ, ಬೇಳೆ ಒಮ್ಮೆ ತಂದಿಟ್ಟರೆ ತಿಂಗಳು ಸಾಗುತ್ತದೆ. ಸೊಪ್ಪು, ಹಣ್ಣಿಗೆ ವಾರ ವಾರವೂ ಪರ್ಸ್ ಬಿಚ್ಚಬೇಕು. ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಈ ಉಳಿತಾಯ ತೀರಾ ದುಬಾರಿ.

ಪೌರತ್ವ ಸಿಕ್ಕಿದ್ದರಿಂದ ಆಹಾರ ನೆರವಿಗೆ ಅರ್ಜಿ ಹಾಕಲು ನಮಗೆ ಅಡ್ಡಿ ಇರಲಿಲ್ಲ. ಹಿಂದೆ ಫುಡ್ ಸ್ಟ್ಯಾಂಪ್ ಎನ್ನುತ್ತಿದ್ದ ಯೋಜನೆಯ ಹೆಸರು 2008ರಿಂದ ಸ್ನ್ಯಾಪ್. ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಕೊಟ್ಟ ಅಕ್ಕಿ, ರಾಗಿ ತರುತ್ತಿದ್ದವರಿಗೆ ಇದು ಬೇರೆಯೇ ಬಗೆ: ಇಲ್ಲಿ ಧಾನ್ಯ ಕೊಡುವುದಿಲ್ಲ, ಕಾರ್ಡಿಗೆ ಹಣ ಹಾಕುತ್ತಾರೆ. ಮಿಷಿಗನ್‌ನಲ್ಲಿ ಅದಕ್ಕೆ ಬ್ರಿಡ್ಜ್ ಕಾರ್ಡ್ ಎಂದು ಹೆಸರು. ಕುಟುಂಬದ ಗಾತ್ರಕ್ಕೆ ಒಂದು ಗರಿಷ್ಠ ಮೊತ್ತವಿದೆ. ನಾಲ್ವರಿಗೆ 2025ರ ಅಕ್ಟೋಬರ್‌ನಿಂದ ತಿಂಗಳಿಗೆ 994 ಡಾಲರ್. ಕಡಿತಗಳೆಲ್ಲ ಕಳೆದು ಉಳಿದ ಆದಾಯದ ಶೇ 30ರಷ್ಟನ್ನು ಆ ಮೊತ್ತದಿಂದ ತೆಗೆದರೆ ನಿಮ್ಮ ಪಾಲು ಎಷ್ಟೆಂದು ಸುಮಾರಾಗಿ ತಿಳಿಯುತ್ತದೆ.

ಹಂಗಿನ ಅನ್ನ ಯಾಕೆ ಎಂಬ ಮಾತು ನಮ್ಮ ಮನೆಯಲ್ಲೂ ಬಂತು. ವರ್ಷಗಟ್ಟಲೆ ತೆರಿಗೆ ಕಟ್ಟಿದ ಸಂಸಾರ ಕಷ್ಟಕ್ಕೆಂದೇ ಇಟ್ಟ ನೆರವನ್ನು ಕಷ್ಟದಲ್ಲಿ ಪಡೆಯುವುದು ಹಂಗಲ್ಲ ಎಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಈ ಕಾರ್ಡಿನ ಬೆಲೆ ನನಗೆ ಪೂರ್ತಿ ತಿಳಿದದ್ದು ಈಸ್ಟರ್ನ್ ಮಾರ್ಕೆಟ್‌ನಲ್ಲಿ. 1891ರಿಂದ ಅದೇ ಜಾಗದಲ್ಲಿ ನಡೆಯುತ್ತಿರುವ ಸಂತೆ ಅದು. ಶನಿವಾರ ಬೆಳಿಗ್ಗೆ ಅದರ ಉದ್ದುದ್ದ ಶೆಡ್ಡುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೊದಲು ಮಾಹಿತಿ ಕೌಂಟರಿಗೆ ಹೋಗಿ ಕಾರ್ಡ್ ಉಜ್ಜಿ, ಪಿನ್ ಒತ್ತಿ, 20 ಡಾಲರ್ ತೆಗೆಸಿದರೆ ಅಷ್ಟು ಮೌಲ್ಯದ ಟೋಕನ್ ಕೊಡುತ್ತಾರೆ. ಜೊತೆಗೆ ಇನ್ನೊಂದು ಬಗೆಯ ಟೋಕನ್, ಅದೂ 20 ಡಾಲರಿನದು, ಉಚಿತವಾಗಿ. ಡಬಲ್ ಅಪ್ ಫುಡ್ ಬಕ್ಸ್ ಎಂಬ ಈ ಯೋಜನೆಯನ್ನು ಫೇರ್ ಫುಡ್ ನೆಟ್‌ವರ್ಕ್ ಎಂಬ ಸಂಸ್ಥೆ 2009ರಲ್ಲಿ ಡೆಟ್ರಾಯಿಟ್‌ನಲ್ಲೇ ಶುರುಮಾಡಿತು. ಇಂಥ ಯೋಜನೆಗಳಿಗೆ 2014ರ ಕೃಷಿ ಮಸೂದೆಯಿಂದ ಕೇಂದ್ರ ಸರ್ಕಾರದ ಹಣವೂ ಬರತೊಡಗಿತು. ಮೊದಲ ಬಗೆಯ ಟೋಕನ್ನಿಗೆ ಮೊಟ್ಟೆ, ಜೇನು, ಬ್ರೆಡ್ ಕೂಡ ಬರುತ್ತದೆ. ಎರಡನೆಯದು ಹಣ್ಣು, ತರಕಾರಿಗೆ ಮಾತ್ರ. ದುಪ್ಪಟ್ಟಿನ ಮಿತಿ ದಿನಕ್ಕೆ ಇಪ್ಪತ್ತು ಡಾಲರ್. ಹಾಗಾಗಿ ತಿಂಗಳಿನದ್ದನ್ನೆಲ್ಲ ಒಂದೇ ಸಲ ಕೊಳ್ಳುವುದು ನಷ್ಟ. ನಾಲ್ಕು ಶನಿವಾರ ಇಪ್ಪತ್ತಿಪ್ಪತ್ತು ತೆಗೆಸಿದರೆ 80 ಡಾಲರ್ 160 ಆಗುತ್ತದೆ. ಯಾವ ಬ್ಯಾಂಕಿನ ಠೇವಣಿಯಲ್ಲೂ ಹೀಗೆ ಬೆಳೆಯುವ ಹಣವನ್ನು ನಾನು ಕಂಡಿಲ್ಲ.

ನಮ್ಮ ಅಡುಗೆಗೆ ಈ ಸಂತೆ ಹೇಳಿ ಮಾಡಿಸಿದಂತಿದೆ. ಬೇಸಿಗೆಯಲ್ಲಿ ಇಲ್ಲಿನವರು ಸೌತೆಕಾಯಿ ಉಪ್ಪಿನಕಾಯಿಗೆಂದು ಕೊಳ್ಳುವ ಸೊಪ್ಪು ನಮ್ಮ ಸಬ್ಬಸಿಗೆಯೇ. ಸೂಪರ್ ಮಾರ್ಕೆಟ್‌ನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕೆಳೆ ಸಿಗುವ ಬೆಲೆಗೆ ಇಲ್ಲಿ ತೋಳಿನ ತುಂಬ ಬರುವ ಕಟ್ಟು. ಬೇರಿನ ಮಣ್ಣು ಇನ್ನೂ ಹಸಿಯಾಗಿರುತ್ತದೆ. ಕಾರಿನ ಬಾಗಿಲು ಹಾಕಿದರೆ ಒಳಗೆಲ್ಲ ಅದರದ್ದೇ ಘಮ. ಅವತ್ತು ರಾತ್ರಿ ಅಕ್ಕಿ ರೊಟ್ಟಿ ಖಂಡಿತ. ನವಿಲುಕೋಸನ್ನು ತೂಕಕ್ಕೆ ಹಾಕುವ ಮುಂಚೆ ರೈತರು ಎಲೆಯನ್ನು ತಿರುಚಿ ಕಿತ್ತು ಬುಟ್ಟಿಗೆ ಎಸೆಯುತ್ತಾರೆ. ‘ಎಲೆ ಕೀಳಬೇಡಿ, ನಾವು ತಿನ್ನುತ್ತೇವೆ’ ಎಂದು ಒಬ್ಬ ಹಿರಿಯ ರೈತನಿಗೆ ಹೇಳಿದಾಗ ಆತ ಬುಟ್ಟಿಯಲ್ಲಿದ್ದ ಬೀಟ್‌ರೂಟ್ ಸೊಪ್ಪನ್ನೂ ಎರಡೂ ಕೈಯಲ್ಲಿ ಬಾಚಿ ನನ್ನ ಚೀಲಕ್ಕೆ ತುಂಬಿದ. ಅದಕ್ಕೆ ಒಂದು ಸೆಂಟೂ ತೆಗೆದುಕೊಳ್ಳಲಿಲ್ಲ. ಆ ವಾರದ ಹುಳಿ, ಪಲ್ಯ ಎರಡೂ ಅದರಲ್ಲೇ ಆಯಿತು. ನಾವು ಕೊಟ್ಟ ಟೋಕನ್ನನ್ನು ರೈತ ಮಾರುಕಟ್ಟೆಗೆ ಒಪ್ಪಿಸಿ ಪೂರ್ತಿ ಡಾಲರ್ ಪಡೆಯುತ್ತಾನೆ. ಸರ್ಕಾರದ ಹಣ ನಮ್ಮ ಒಲೆಗೂ ಅವನ ಹೊಲಕ್ಕೂ ಒಟ್ಟಿಗೇ ಸೇರುತ್ತದೆ. ಈ ಯೋಜನೆ ನನಗೆ ಇಷ್ಟವಾಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕೆಲವು ನಿಯಮ ತಿಳಿದಿರಲಿ. ಟೋಕನ್ನಿಗೆ ಚಿಲ್ಲರೆ ವಾಪಸ್ ಕೊಡುವಂತಿಲ್ಲ, ಲೆಕ್ಕ ಸರಿಹೊಂದುವಂತೆ ಕೊಳ್ಳಿ. ಬಿಸಿ ತಿಂಡಿಗೆ, ಹೂವಿಗೆ ಸ್ನ್ಯಾಪ್ ನಡೆಯದು. ಆದರೆ ತಿನ್ನುವ ಬೆಳೆಯ ಬೀಜ, ಸಸಿಗೆ ನಡೆಯುತ್ತದೆ. ಇದು ಬಹಳ ಮಂದಿಗೆ ಗೊತ್ತಿಲ್ಲ. ಮೇ ತಿಂಗಳಲ್ಲಿ ಟೊಮ್ಯಾಟೊ, ಮೆಣಸಿನ ಸಸಿ ತಂದು ಹಿತ್ತಲಲ್ಲಿ ನೆಟ್ಟರೆ ಸೆಪ್ಟೆಂಬರ್‌ವರೆಗೂ ಕೊಯ್ಯಬಹುದು. ಕಾರ್ಡಿನಲ್ಲಿ ಉಳಿದ ಹಣ ಮುಂದಿನ ತಿಂಗಳಿಗೆ ಹೋಗುತ್ತದೆ, ಆದ್ದರಿಂದ ಚಳಿಗಾಲದಲ್ಲಿ ಸ್ವಲ್ಪ ಉಳಿಸಿ ಬೇಸಿಗೆಯ ಸಂತೆಗೆ ಇಟ್ಟುಕೊಳ್ಳಬಹುದು.

ಯಾರಿಗೆ ಸಿಗುತ್ತದೆ ಎಂಬುದು ನಮ್ಮವರ ಮಟ್ಟಿಗೆ ಸೂಕ್ಷ್ಮ ವಿಷಯ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಅರ್ಹರಲ್ಲ. ಗ್ರೀನ್ ಕಾರ್ಡ್ ಇರುವ ವಯಸ್ಕರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಇಲ್ಲೇ ಹುಟ್ಟಿ ಪೌರರಾದ ಮಕ್ಕಳ ಪಾಲಿಗೆ ತಂದೆತಾಯಿಯ ವೀಸಾ ಅಡ್ಡಿಯಲ್ಲ, ಆದಾಯದ ಮಿತಿಯೊಳಗಿದ್ದರೆ ಅವರ ಹೆಸರಿನಲ್ಲಿ ಕೇಳಬಹುದು. ಆದರೆ ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿದ್ದರೆ, ನೆರವು ಅದಕ್ಕೆ ತೊಡಕಾದೀತೇ ಎಂದು ಮೊದಲು ವಲಸೆ ವಕೀಲರನ್ನು ಕೇಳಿ. 2025ರ ಜುಲೈ ಕಾನೂನು ಸ್ನ್ಯಾಪ್ ಪಡೆಯುವವರಿಗಿರುವ ಕೆಲಸದ ಷರತ್ತನ್ನು 64 ವರ್ಷದವರೆಗೂ ವಿಸ್ತರಿಸಿದೆ. 14 ತುಂಬಿದ ಮಕ್ಕಳಷ್ಟೇ ಇರುವ ತಂದೆತಾಯಿಗೂ ಅದು ಅನ್ವಯ. ಕೆಲಸ ಹೋದವರು ಇದನ್ನು ವಿಚಾರಿಸಿಕೊಳ್ಳಲೇಬೇಕು.

ಅರ್ಜಿ ಹಾಕಿದ 30 ದಿನದೊಳಗೆ ತೀರ್ಮಾನ ಬರಬೇಕು. ಕೈಯಲ್ಲಿ ಏನೂ ಇಲ್ಲದ ತುರ್ತಿನಲ್ಲಿ ಏಳು ದಿನ. ನಿಮ್ಮ ಬಳಗದಲ್ಲಿ ಕೆಲಸ ಕಳೆದುಕೊಂಡ, ಅರ್ಹರಾದ ಮನೆಯವರಿದ್ದರೆ ಈ ವಿಷಯ ಇಂದೇ ತಿಳಿಸಿ. ಸಾಧ್ಯವಾದರೆ ಶನಿವಾರ ನೀವೇ ಸಂತೆಗೆ ಕರೆದೊಯ್ಯಿರಿ, ತರಕಾರಿ ಮುಟ್ಟುವ ಮೊದಲು ಮಾಹಿತಿ ಕೌಂಟರ್ ತೋರಿಸಿ.